ಮೊದಲು ಶಾಲೆ, ಆಮೇಲೆ ಮನೆ

ಬೆಳಗಾವಿಯ ಉದ್ಯಮಬಾಗದಿಂದ ಸಂಸಾರ ಸಮೇತ ಜರ್ಮನಿಗೆ ಹೊರಡುವ ನಮ್ಮಂತಹ ಎಂಜಿನಿಯರುಗಳಿಗೆ ಮಕ್ಕಳ ಶಾಲೆ ಎಂದರೆ ಇಂಟರ್‌ನ್ಯಾಷನಲ್ ಶಾಲೆ ಎಂಬುದು ತಲೆಯಲ್ಲಿ ಕೂತುಬಿಟ್ಟಿದೆ. ನಾನು ಆ ದಾರಿ ಹಿಡಿಯಲಿಲ್ಲ. ಇಬ್ಬರನ್ನೂ ಸ್ಟುಟ್‌ಗಾರ್ಟ್ ಪಕ್ಕದ ಊರಿನ ಸರ್ಕಾರಿ ಶಾಲೆಗೆ ಸೇರಿಸಿದೆ. ಅದರಲ್ಲೂ ಮಗಳನ್ನು ಒಂದು ತರಗತಿ ಹಿಂದಕ್ಕೆ ಹಾಕಿಸಿದೆ. "ಮೂರನೆಯದು ಮುಗಿಸಿದ ಹುಡುಗಿಯನ್ನು ಮತ್ತೆ ಎರಡನೆಯದಕ್ಕೆ ಕೂರಿಸುತ್ತೀಯಾ? ವರ್ಷ ಹಾಳಲ್ಲವೇನೋ ತಮ್ಮಾ?" ಎಂದು ಟಿಳಕವಾಡಿಯ ಕಾಕಾ ಫೋನಿನಲ್ಲಿ ಬೈದಿದ್ದರು. ಈ ಫೆಬ್ರವರಿಯಲ್ಲಿ ಮಗಳಿಗೆ ಗಿಮ್ನಾಸಿಯಮ್ (ವಿಶ್ವವಿದ್ಯಾಲಯದ ದಾರಿಯ ಪ್ರೌಢಶಾಲೆ) ಶಿಫಾರಸು ಬಂತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ತರಗತಿ ಇಳಿಸಿದ್ದೇಕೆ ಎಂದು ಕೇಳಿದವರೇ ಹೆಚ್ಚು. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಪ್ರಾಥಮಿಕ ಶಾಲೆ ನಾಲ್ಕೇ ವರ್ಷ. ಮುಂದೆ ಯಾವ ಬಗೆಯ ಶಾಲೆ ಎಂಬ ಶಿಫಾರಸು ನಾಲ್ಕನೆಯ ತರಗತಿಯ ನಡುವಿಗೇ ಕೈಗೆ ಬರುತ್ತದೆ. ಏಪ್ರಿಲ್‌ನಲ್ಲಿ ಬಂದಿಳಿದವಳನ್ನು ಮೂರನೆಯದಕ್ಕೆ ಸೇರಿಸಿದ್ದರೆ, ಭಾಷೆ ಕಲಿತು ಅಂಕ ತೆಗೆಯಲು ಅವಳಿಗೆ ಸಿಗುತ್ತಿದ್ದುದು ಹತ್ತು ತಿಂಗಳು. ಎರಡನೆಯದಕ್ಕೆ ಸೇರಿಸಿದ್ದರಿಂದ ಹೆಚ್ಚೂಕಡಿಮೆ ಎರಡು ವರ್ಷ ಸಿಕ್ಕಿತು. ಇಲ್ಲಿನ ಶಾಲಾ ವರ್ಷ ಸೆಪ್ಟೆಂಬರಿಗೆ ಶುರುವಾಗುತ್ತದೆ. ನಮ್ಮಲ್ಲಿ ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಬಂದರೆ ಜುಲೈ ಕೊನೆಯವರೆಗೆ ಮಗು ಬರೀ ಕಿವಿಗೊಟ್ಟು ಕೂರಬಹುದು. ಜೂನ್‌ನಲ್ಲಿ ಊರಿನ ಶಾಲೆ ಶುರುವಾದ ಮೇಲೆ ಹೊರಡುತ್ತೇವೆ ಎನ್ನುವವರಿಗೆ ಈ ಅನುಕೂಲ ಕೈತಪ್ಪುತ್ತದೆ.

ಇನ್ನು ಶಾಲೆ ಆರಿಸುವುದು. ಇಲ್ಲಿ ಪ್ರತಿ ಸರ್ಕಾರಿ ಪ್ರಾಥಮಿಕ ಶಾಲೆಗೂ ಗೊತ್ತುಪಡಿಸಿದ ಬಡಾವಣೆಗಳಿವೆ. ವಿಳಾಸ ಎಲ್ಲಿ ನೋಂದಣಿಯಾಗುತ್ತದೋ ಅಲ್ಲಿನ ಶಾಲೆ. ಹೀಗಾಗಿ ಸಿಕ್ಕ ಮನೆ ಹಿಡಿದು ಆಮೇಲೆ ಶಾಲೆ ನೋಡುತ್ತೇನೆ ಎಂದರೆ ಆಯ್ಕೆ ಮುಗಿದಂತೆಯೇ. ನಾನು ಜನವರಿಯಲ್ಲಿ ಒಬ್ಬನೇ ಬಂದು ಬಾಡಿಗೆ ಕೋಣೆಯಲ್ಲಿದ್ದುಕೊಂಡು ಮೊದಲು ಶಾಲೆಗಳಿಗೆ ಪತ್ರ ಬರೆದೆ. ಭಾಷೆ ಬಾರದ ಮಕ್ಕಳಿಗೆಂದು ಪೂರ್ವಸಿದ್ಧತಾ ತರಗತಿ ಇದೆಯೇ? ಆ ತರಗತಿಯ ಮಕ್ಕಳು ಗಣಿತ, ಆಟ, ಸಂಗೀತಕ್ಕೆ ಮೊದಲ ವಾರದಿಂದಲೇ ಉಳಿದವರ ಜೊತೆ ಕೂರುತ್ತಾರೆಯೇ? ಎರಡನೆಯ ಪ್ರಶ್ನೆಗೆ ಬಹಳ ಶಾಲೆಗಳು ಹಾರಿಕೆಯ ಉತ್ತರ ಕೊಟ್ಟವು. ಸ್ಪಷ್ಟವಾಗಿ ಹೌದೆಂದ ಎರಡು ಶಾಲೆಗಳ ಬಡಾವಣೆಗಳಲ್ಲಿ ಮಾತ್ರ ಮನೆ ಹುಡುಕಿದೆ. ಮನೆ ಸಿಗುವಷ್ಟರಲ್ಲಿ ಮಾರ್ಚ್ ಮುಗಿಯುತ್ತ ಬಂದಿತ್ತು. ಮೂರು ತಿಂಗಳ ಬಾಡಿಗೆಯಷ್ಟು ಠೇವಣಿ, ಸುಮಾರು ನಾಲ್ಕು ಸಾವಿರ ಯೂರೋ, ಒಂದೇ ಏಟಿಗೆ ಹೋಯಿತು. ಮನೆಯ ಮಾಲೀಕರನ್ನು ಒಪ್ಪಿಸಿದ ಪತ್ರದಲ್ಲಿ ಏನಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ. ನನ್ನ ತಮ್ಮ ಇದೇ ಊರಲ್ಲಿ ಇನ್ನೂ ಮನೆ ಹುಡುಕುತ್ತಿದ್ದಾನೆ.

ದುಡ್ಡಿನ ಮಾತು. ಇಂಟರ್‌ನ್ಯಾಷನಲ್ ಶಾಲೆ ಒಂದು ಮಗುವಿಗೆ ವರ್ಷಕ್ಕೆ ಹದಿನೇಳು ಸಾವಿರ ಯೂರೋಗಿಂತ ಹೆಚ್ಚು ಕೇಳಿತ್ತು. ಆಗ ಯೂರೋಗೆ ತೊಂಬತ್ತು ರೂಪಾಯಿ ಆಸುಪಾಸು. ಇಬ್ಬರಿಗೆ ಮೂವತ್ತು ಲಕ್ಷ ದಾಟುತ್ತಿತ್ತು. ಕಂಪನಿ ಒಂದು ಪೈಸೆ ಕೊಡುತ್ತಿರಲಿಲ್ಲ. ಸರ್ಕಾರಿ ಶಾಲೆಗೆ ಶುಲ್ಕವಿಲ್ಲ, ಆದರೆ ಮಧ್ಯಾಹ್ನದ ಹೊತ್ತಿಗೆ ಶಾಲೆ ಬಿಟ್ಟುಬಿಡುತ್ತದೆ. ಸಂಜೆಯವರೆಗೆ ಶಾಲೆಯಲ್ಲೇ ಉಳಿಸಿಕೊಳ್ಳುವ ವ್ಯವಸ್ಥೆಯಲ್ಲಿ ಮೊದಲ ವರ್ಷ ಜಾಗ ಸಿಗಲಿಲ್ಲ. ಹೆಂಡತಿ ಆ ವರ್ಷ ಕೆಲಸ ಹುಡುಕಲಾಗಲಿಲ್ಲ. ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಯಾರೂ ಹಿಡಿಯುವುದಿಲ್ಲ. ಹೊರಡುವ ಮುಂಚೆ ಒಬ್ಬ ಸಲಹೆಗಾರರು ನಲವತ್ತು ಸಾವಿರ ರೂಪಾಯಿ ಚಿಲ್ಲರೆ ತೆಗೆದುಕೊಂಡು ಶಾಲೆಗಳ ಒಂದು ಪಟ್ಟಿ ಕಳಿಸಿದ್ದರು. ಆ ದುಡ್ಡು ನೀರಲ್ಲಿ ಹೋಯಿತು.

ಮಕ್ಕಳಿಗೆ ಭಾಷೆ ಬರುವುದೇ ಎಂಬ ಭಯ ನನಗಿರಲಿಲ್ಲ. ಮನೆಯಲ್ಲಿ ಕನ್ನಡ, ಶಹಾಪುರದ ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಟಿವಿಯಲ್ಲಿ ಹಿಂದಿ. ಬೆಳಗಾವಿಯ ಮಗುವಿಗೆ ಐದನೆಯ ಭಾಷೆ ಹೊರೆಯಲ್ಲ. ಮಗಳಿಗೆ ಮರಾಠಿ ಬಂದದ್ದು ಆಟದಲ್ಲಿ. ಆದರೂ ಎಲ್ಲರೂ ಹೇಳಿದರೆಂದು ಆನ್‌ಲೈನ್ ಜರ್ಮನ್ ಪಾಠಕ್ಕೆ ಇಪ್ಪತ್ತೈದು ಸಾವಿರ ರೂಪಾಯಿ ಸುರಿದೆವು. ವ್ಯಾಕರಣ ಬಂತು, ಮೈದಾನದಲ್ಲಿ ಬಾಯಿ ಬರಲಿಲ್ಲ. ಮೊದಲ ಬೇಸಿಗೆ ಪೂರ್ತಿ ಅವಳು ಶಾಲೆಯಲ್ಲಿ ಮೌನವಾಗಿದ್ದಳು. ಆಗ ಕಾಕಾ ಮತ್ತೆ ಫೋನ್ ಮಾಡಿದ್ದರು. ಮಗನಿಗೆ ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಗುವವರೆಗೆ ಶಿಶುವಿಹಾರದಲ್ಲಿ ಜಾಗವಿಲ್ಲದೆ, ಊರಿನ ವ್ಯಾಯಾಮ ಸಂಘಕ್ಕೆ ಸೇರಿಸಿದೆ. ವರ್ಷಕ್ಕೆ ಎಪ್ಪತ್ತು ಯೂರೋ ಇರಬಹುದು. ಉರುಳುವುದು, ಜಿಗಿಯುವುದು ಕಲಿಯುತ್ತ ಅಕ್ಕನಿಗಿಂತ ಮೊದಲು ಅವನೇ ಮಾತಾಡಿದ. ಆಮೇಲೆ ಅವಳನ್ನೂ ಅಲ್ಲಿಗೆ ಕಳಿಸಿದೆ.

ಗಣಿತದಲ್ಲಿ ಇವಳು ಮೊದಲ ತಿಂಗಳಲ್ಲೇ ತರಗತಿಗೆ ಮುಂದಾದಳು. ಊರಲ್ಲಿದ್ದಾಗಲೇ ಚೌಕುಳಿ ಪುಸ್ತಕ ತಂದು ಇಲ್ಲಿನವರು ಬರೆಯುವ ರೀತಿಯನ್ನೇ ಅಭ್ಯಾಸ ಮಾಡಿಸಿದ್ದೆ: ಒಂದು ಚೌಕದಲ್ಲಿ ಒಂದೇ ಅಂಕಿ, 1ಕ್ಕೆ ತಲೆಯಲ್ಲಿ ಓರೆಗೆರೆ, 7ಕ್ಕೆ ನಡುವೆ ಅಡ್ಡಗೆರೆ, ಗುಣಾಕಾರಕ್ಕೆ ಚುಕ್ಕೆ, ಭಾಗಾಕಾರಕ್ಕೆ ಎರಡು ಚುಕ್ಕೆ, ಮೂರೂವರೆಯನ್ನು 3,5 ಎಂದು ಬರೆಯುವುದು. ಬರೀ ಗೆರೆ ಎಳೆದ ನಮ್ಮ 1 ಇಲ್ಲಿನವರ ಕಣ್ಣಿಗೆ ಅಂಕಿಯೇ ಅಲ್ಲ.

ಕಾಗದಪತ್ರಗಳಲ್ಲಿ ಒಂದನ್ನು ಮರೆಯಬೇಡಿ. 2020ರ ಮಾರ್ಚ್‌ನಿಂದ ಇಲ್ಲಿ ಶಾಲೆಗೆ ಸೇರುವಾಗ ದಡಾರದ ಎರಡು ಲಸಿಕೆಯಾದ ಪುರಾವೆ ಕಡ್ಡಾಯ. ಲಸಿಕೆಗಳನ್ನು ಬರೆದ ನಮ್ಮ ‘ತಾಯಿ ಕಾರ್ಡ್’ ಹಿಡಿದು ಹೋದರೆ ಇಲ್ಲಿ ಓದುವವರಿಲ್ಲ. ಬೆಳಗಾವಿಯ ಮಕ್ಕಳ ಡಾಕ್ಟರಿಂದ ಇಂಗ್ಲಿಷಿನಲ್ಲಿ, ತಾರೀಖು ಮತ್ತು ಮೊಹರಿನ ಸಮೇತ ಬರೆಸಿಕೊಂಡು ಬನ್ನಿ.

ಇದೆಲ್ಲ ಸಣ್ಣ ಮಕ್ಕಳಿಗೆ. ಮಗು ಎಂಟನೆಯದು ದಾಟಿದ್ದು, ನೀವು ಎರಡು ವರ್ಷದ ಒಪ್ಪಂದದ ಮೇಲೆ ಬರುತ್ತಿದ್ದರೆ ನನ್ನ ದಾರಿ ಹಿಡಿಯಬೇಡಿ. ಇಂಟರ್‌ನ್ಯಾಷನಲ್ ಶಾಲೆಯನ್ನೇ ನೋಡಿ, ಅದರ ಶುಲ್ಕದ ಮಾತನ್ನು ಆಫರ್ ಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಕಂಪನಿಯ ಜೊತೆ ಮುಗಿಸಿಕೊಳ್ಳಿ.