ಅಟ್ಟದಲ್ಲಿ ಅಳಿಲು: ತೂತು ಮುಚ್ಚಿದ್ದೇ ನಾನು ಮಾಡಿದ ತಪ್ಪು

ಬೆಳಗ್ಗೆ ಆರೂವರೆ ಇರಬೇಕು. ತಲೆಯ ಮೇಲೆ, ಅಟ್ಟದಲ್ಲಿ ಪರಪರ ಸದ್ದು. ಏನೋ ಓಡಿತು, ನಿಂತಿತು, ಮತ್ತೆ ಓಡಿತು. ಆಮೇಲೆ ಮರ ಕಡಿಯುವ ಕಟಕಟ. "ಇಲಿ ಇರಬೇಕು ಬಿಡು" ಅಂತ ನಮ್ಮ ಮನೆಯವರು ಹೊದಿಕೆ ಎಳೆದುಕೊಂಡು ಆ ಕಡೆ ತಿರುಗಿದರು.

ನನಗೆ ಯಾಕೋ ಇಲಿ ಅನ್ನಿಸಲಿಲ್ಲ. ಇಲಿ ಓಡಾಡುವುದು ಜಾಸ್ತಿ ರಾತ್ರಿ ಹೊತ್ತು. ಈ ಸದ್ದು ಬೆಳಕು ಹರಿಯುವಾಗ ಶುರುವಾಗುತ್ತಿತ್ತು, ಕತ್ತಲಾದ ಮೇಲೆ ಪೂರ್ತಿ ನಿಲ್ಲುತ್ತಿತ್ತು. ಮೂರು ದಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕಾದೆ. ಮೂರನೇ ದಿನ ಕಣ್ಣಿಗೆ ಬಿತ್ತು. ಮರದ ಕೊಂಬೆಯಿಂದ ಮಾಡಿಗೆ ಒಂದು ನೆಗೆತ, ಅಲ್ಲಿಂದ ತಲೆ ಕೆಳಗಾಗಿ ಸೂರಿಗೆ ಇಳಿದು, ಮೂಲೆಯ ಹಲಗೆ ಸಂದಿಯಲ್ಲಿ ಮಾಯ. ಮೂರು ಬೆರಳು ತೂರುವಷ್ಟು ಸಂದಿ, ಅಷ್ಟೇ. ಅದರ ಅಂಚು ಮೈ ತಿಕ್ಕಿ ತಿಕ್ಕಿ ಎಣ್ಣೆ ಸವರಿದ ಹಾಗೆ ಕಪ್ಪಾಗಿತ್ತು. ದಿನಾ ಓಡಾಡುವ ದಾರಿಗೆ ಅದೇ ಗುರುತು.

ಮುಂದಿನ ಭಾನುವಾರ ಅಳಿಲು ಹೊರಗೆ ಹೋಗುವುದನ್ನೇ ಕಾದು, ಏಣಿ ಹತ್ತಿ, ಸಂದಿಗೆ ಒಂದು ಹಲಗೆ ತುಂಡು ಇಟ್ಟು ನಾಲ್ಕು ಮೊಳೆ ಹೊಡೆದೆ. ಹತ್ತು ನಿಮಿಷದ ಕೆಲಸ. ಇಷ್ಟೇನಾ ಅನ್ನಿಸಿತು.

ಅರ್ಧ ಗಂಟೆಯಲ್ಲಿ ಅಳಿಲು ವಾಪಸ್ ಬಂತು. ಹಲಗೆಯ ಮುಂದೆ ಬಾಲ ಝಾಡಿಸುತ್ತಾ ಒಂದೇ ಸಮನೆ ಕೂಗಿತು. ಆ ಮೇಲೆ ಕಡಿಯಲು ಶುರು ಮಾಡಿತು. ಮರದ ಪುಡಿ ಕೆಳಗೆ ನನ್ನ ಹೂಕುಂಡದ ಮೇಲೆ ಉದುರುತ್ತಿತ್ತು. ಕೈ ತಟ್ಟಿದರೆ ಎರಡು ಮಾರು ಓಡಿ ಮತ್ತೆ ಬರುತ್ತಿತ್ತು. ನಮ್ಮತ್ತೆ ಹೊರಗೆ ಬಂದು ಸ್ವಲ್ಪ ಹೊತ್ತು ನೋಡಿದರು. "ಒಳಗೆ ಮರಿ ಇದೆ ಕಣಮ್ಮ. ಇಲ್ಲದಿದ್ರೆ ಇಷ್ಟು ಹೊತ್ತು ಯಾಕೆ ಒದ್ದಾಡ್ತಾಳೆ?" ಅಂದರು.

ಅಟ್ಟದ ಬಾಗಿಲು ತೆಗೆದು ಟಾರ್ಚ್ ಬಿಟ್ಟೆ. ತೊಲೆಯ ಪಕ್ಕದಲ್ಲಿ ಒಣ ಎಲೆ, ನಾರು, ನಮ್ಮದೇ ಹಳೇ ದಿಂಬಿನ ಹತ್ತಿ, ಎಲ್ಲಾ ಸೇರಿ ಒಂದು ಉಂಡೆ. ಅದರೊಳಗೆ ಮೂರು ಮರಿ. ಮೈಮೇಲೆ ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ, ಹೆಬ್ಬೆರಳಿನಷ್ಟು ಉದ್ದ. ಹೊಟ್ಟೆ ಮಾತ್ರ ಏರಿಳಿಯುತ್ತಿತ್ತು. ಮುಟ್ಟಲಿಲ್ಲ. ಇಳಿದು ಹೋಗಿ ನಾಲ್ಕೂ ಮೊಳೆ ಕಿತ್ತೆ.

ಇನ್ನೊಂದು ದಿನ ಮುಚ್ಚಿಟ್ಟಿದ್ದರೆ ಆ ಮರಿಗಳು ಹಸಿವಿನಿಂದ ಸಾಯುತ್ತಿದ್ದವು. ಅಟ್ಟದಲ್ಲಿ ವಾಸನೆ, ನೊಣ, ಹುಳ. ತಾಯಿಯಂತೂ ಬಿಡುತ್ತಿರಲಿಲ್ಲ, ಹಲಗೆ ಕಡಿದು ಇನ್ನೂ ದೊಡ್ಡ ತೂತು ಮಾಡುತ್ತಿತ್ತು. ಅಳಿಲಿನ ಮುಂಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತವೆ. ಕಡಿದು ಸವೆಸದೆ ಅದಕ್ಕೆ ಗತಿಯೇ ಇಲ್ಲ. ಅದಕ್ಕೆ ಮರ, ಪ್ಲಾಸ್ಟಿಕ್, ಫೋಮ್, ವೈರು ಯಾವುದೂ ಲೆಕ್ಕಕ್ಕಿಲ್ಲ.

ಸಲಹೆಗಳಿಗೇನೂ ಬರವಿರಲಿಲ್ಲ. ವಿಷ ಇಡು ಅಂದರು. ವಿಷ ತಿಂದ ಪ್ರಾಣಿ ನಮ್ಮ ಕೈಗೆ ಸಿಗುವ ಜಾಗದಲ್ಲಿ ಸಾಯುವುದಿಲ್ಲ, ಗೋಡೆಯ ಸಂದಿಯಲ್ಲಿ ಸಾಯುತ್ತದೆ. ಅದನ್ನು ಬೆಕ್ಕು, ಗೂಬೆ ತಿಂದರೆ ಅವಕ್ಕೂ ಅಪಾಯ. ಅಂಟಿನ ಹಲಗೆಯ ಮಾತು ಬಂದಾಗ ಬೇಡವೇ ಬೇಡ ಅಂದೆ. ಜೀವಂತ ಪ್ರಾಣಿ ಚರ್ಮ ಹರಿದುಕೊಂಡು ಗಂಟೆಗಟ್ಟಲೆ ಒದ್ದಾಡುವುದನ್ನು ನೋಡುವ ಶಕ್ತಿ ನನಗಿಲ್ಲ. ನುಸಿಗುಳಿಗೆ ಎರಚಿದರೆ ಅದರ ಆವಿ ಮನೆಯವರಿಗೇ ಕೆಟ್ಟದ್ದು, ಮರಿ ಇರುವ ತಾಯಿ ಅದಕ್ಕೆ ಹೆದರಿ ಜಾಗ ಬಿಡುವುದೂ ಇಲ್ಲ. ಬೋನಿನಲ್ಲಿ ಹಿಡಿದು ದೂರ ಬಿಟ್ಟು ಬರುವುದು ಕೇಳಲು ಚೆನ್ನಾಗಿದೆ. ಆದರೆ ತಾಯಿ ದೂರ ಹೋದರೆ ಮರಿಗಳ ಗತಿ? ಗೊತ್ತಿಲ್ಲದ ಜಾಗದಲ್ಲಿ ಅದಕ್ಕೂ ಗೂಡಿಲ್ಲ, ನೆಲೆಯಿಲ್ಲ. ಹಾಗೆ ಹಿಡಿದು ಸಾಗಿಸುವುದು ಎಷ್ಟೋ ಕಡೆ ಕಾನೂನಿಗೂ ವಿರುದ್ಧ.

ಉಳಿದದ್ದು ಎರಡೇ ದಾರಿ. ಒಂದು, ಮರಿಗಳು ದೊಡ್ಡವಾಗಿ ತಾವೇ ಹೊರಗೆ ಓಡಾಡುವವರೆಗೆ ಸುಮ್ನೆ ಇರುವುದು. ಹುಟ್ಟಿದ ಮೇಲೆ ಅದಕ್ಕೆ ಸುಮಾರು 8ರಿಂದ 10 ವಾರ ಬೇಕು. ನಿಜ ಹೇಳಬೇಕೆಂದರೆ ಇದೇ ಒಳ್ಳೆಯ ದಾರಿ. ಆದರೆ ಅಟ್ಟದಲ್ಲಿ ಒಂದು ವೈರಿನ ಹೊದಿಕೆ ಕಡಿದು ತಾಮ್ರ ಕಾಣುತ್ತಿತ್ತು. ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಬೆಂಕಿ ಹತ್ತಲು ಅಷ್ಟು ಸಾಕು. ಹತ್ತು ವಾರ ಕಾಯುವ ಧೈರ್ಯ ಬರಲಿಲ್ಲ.

ಎರಡನೆಯದು, ಈ ಜಾಗ ಸರಿಯಿಲ್ಲ ಅಂತ ತಾಯಿಗೇ ಅನ್ನಿಸುವ ಹಾಗೆ ಮಾಡುವುದು. ಅಳಿಲು ಸಾಮಾನ್ಯವಾಗಿ ಒಂದೇ ಗೂಡು ನೆಚ್ಚಿಕೊಂಡಿರುವುದಿಲ್ಲ, ಹತ್ತಿರದಲ್ಲೇ ಇನ್ನೊಂದೆರಡು ಇಟ್ಟುಕೊಂಡಿರುತ್ತದೆ. ಅದಕ್ಕೆ ಬೇಕಾದದ್ದು ಕತ್ತಲೆ, ಬೆಚ್ಚಗಿನ ಮೂಲೆ, ಸದ್ದಿಲ್ಲದ ಜಾಗ. ವೈರು ಸರಿಯಾದ ಮೇಲೆ, ಮಳೆ ಚಳಿ ಇಲ್ಲದ ದಿನ ನೋಡಿ, ಬೆಳಗ್ಗೆಯೇ ಅಟ್ಟದಲ್ಲಿ ಒಂದು ಎಲ್‌ಇಡಿ ದೀಪ ಹಾಕಿದೆ. ಪಕ್ಕದಲ್ಲಿ ಹಳೇ ರೇಡಿಯೋ, ಬರೀ ಮಾತಿನ ಸ್ಟೇಷನ್. ಅಟ್ಟದ ಬಾಗಿಲು ಮುಚ್ಚಿ ಕೆಳಗೆ ಬಂದೆ.

ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನ ಹತ್ತೂವರೆ ಹೊತ್ತಿಗೆ ತಾಯಿ ಸಂದಿಯಿಂದ ತಲೆ ಹೊರಗಿಟ್ಟಿತು. ಬಾಯಲ್ಲಿ ಏನೋ ಇತ್ತು. ಮರಿ! ಹೊಟ್ಟೆಯ ಹತ್ತಿರ ಕಚ್ಚಿ ಹಿಡಿದಿದ್ದಳು. ಅದು ಅವಳ ಮುಖಕ್ಕೆ ಕೈಕಾಲು ಸುತ್ತಿಕೊಂಡು ಉಂಡೆಯಾಗಿತ್ತು. ಸೂರಿನಿಂದ ಮಾಡಿಗೆ, ಮಾಡಿನಿಂದ ಕೊಂಬೆಗೆ, ಅಲ್ಲಿಂದ ಬೇಲಿಯಾಚೆ ಪೊಟರೆಯ ಮರಕ್ಕೆ. ಇಪ್ಪತ್ತು ನಿಮಿಷ ಬಿಟ್ಟು ಎರಡನೆಯದು. ಮೂರನೆಯದಕ್ಕೆ ಬರಲೇ ಇಲ್ಲ. ಒಂದು ಗಂಟೆ ಆಯಿತು, ಎರಡಾಯಿತು. ಅಷ್ಟು ಹೊತ್ತೂ ಅತ್ತೆ ಕಿಟಕಿ ಬಿಟ್ಟು ಕದಲಲಿಲ್ಲ. ಕೊನೆಗೆ ಮಧ್ಯಾಹ್ನ ಬಂದು ಅದನ್ನೂ ಒಯ್ದಳು. ಈ ಕೊಂಬೆಯನ್ನು ಹಿಂದಿನ ವಾರವೇ ಕಡಿಸಬೇಕು ಅಂದುಕೊಂಡಿದ್ದೆ. ಕಡಿಸದೇ ಇದ್ದದ್ದು ಒಳ್ಳೆಯದೇ ಆಯಿತು.

ಗೂಡು ಖಾಲಿ ಅಂತ ಆಗಲೇ ಸಂದಿ ಮುಚ್ಚಲಿಲ್ಲ. ಒಮ್ಮೆ ಸುಟ್ಟುಕೊಂಡಿದ್ದೆನಲ್ಲ. ಇನ್ನೊಂದು ದೊಡ್ಡ ಅಳಿಲು ಯಾವುದೋ ಮೂಲೆಯಲ್ಲಿ ಮಲಗಿದ್ದರೆ? ಮೊದಲು ಬೇರೆ ಸಂದಿಗಳನ್ನು ಹುಡುಕಿದೆ. ಹಗಲು ಹೊತ್ತು ಅಟ್ಟದ ದೀಪ ಆರಿಸಿ ಕೂತರೆ ಸಾಕು, ಎಲ್ಲೆಲ್ಲಿ ಬೆಳಕು ತೂರುತ್ತದೋ ಅಲ್ಲೆಲ್ಲಾ ಸಂದಿ. ಆರು ಸಿಕ್ಕವು. ಮುಖ್ಯ ದಾರಿ ಒಂದನ್ನು ಬಿಟ್ಟು ಉಳಿದವನ್ನೆಲ್ಲಾ ಮುಚ್ಚಿದೆ. ಆ ಒಂದಕ್ಕೆ ಹೊರಗೆ ಹೋಗಬಹುದು, ಒಳಗೆ ಬರಲಾಗದು ಅನ್ನುವಂಥ ಬಾಗಿಲು ಮಾಡಿದೆ. ಕಬ್ಬಿಣದ ಜಾಲರಿಯನ್ನು ಸುರುಳಿ ಸುತ್ತಿ ಒಂದು ಅಡಿ ಉದ್ದದ ಕೊಳವೆ. ಅದರ ಹೊರ ತುದಿಗೆ, ಮೇಲೆ ಕೀಲು ಹಾಕಿದ ತೆಳು ತಗಡು. ಒಳಗಿನಿಂದ ತಳ್ಳಿದರೆ ಎದ್ದು, ಬಿಟ್ಟರೆ ತಾನೇ ಬೀಳಬೇಕು. ನನ್ನ ಮೊದಲ ತಗಡು ಭಾರವಾಯಿತು, ಅಳಿಲು ತಳ್ಳುವುದಿರಲಿ ನನ್ನ ಕಿರುಬೆರಳಿಗೇ ಏಳಲಿಲ್ಲ. ಡಬ್ಬಿಯ ಮುಚ್ಚಳ ಕತ್ತರಿಸಿ ಬೇರೆ ಹಾಕಿದೆ. ಮೊದಲ ದಿನ ಒಂದು ಕಡ್ಡಿ ಸಿಕ್ಕಿಸಿ ಅರ್ಧ ತೆರೆದೇ ಇಟ್ಟಿದ್ದೆ. ಹೊಸ ವಸ್ತು ಕಂಡರೆ ಅವಕ್ಕೂ ಅನುಮಾನ.

ನಾಲ್ಕು ದಿನ ಬಿಟ್ಟೆ. ಆಮೇಲೆ ಕೊಳವೆ ತೆಗೆದು ಸಂದಿಗೆ ಮುದುಡಿದ ಪೇಪರ್ ತುರುಕಿದೆ. ಒಳಗೆ ಯಾರಾದರೂ ಇದ್ದರೆ ಅದನ್ನು ಹೊರಗೆ ನೂಕುತ್ತಾರೆ, ಹೊರಗಿನಿಂದ ಬರುವವರಿದ್ದರೆ ಒಳಗೆ ಎಳೆಯುತ್ತಾರೆ. ಎರಡು ಹಗಲು ಪೇಪರ್ ಇಟ್ಟ ಹಾಗೇ ಇತ್ತು. ಆಗ ಮುಚ್ಚಿದೆ.

ಮುಚ್ಚಲು ಕಬ್ಬಿಣದ ಜಾಲರಿಯೇ ಬೇಕು, ಸತು ಲೇಪಿಸಿದ್ದು, ಕಣ್ಣು ಅರ್ಧ ಇಂಚಿಗಿಂತ ದೊಡ್ಡದಿರಬಾರದು. ಸೊಳ್ಳೆ ಜಾಲರಿಯನ್ನು ಒಂದೇ ದಿನದಲ್ಲಿ ಹರಿಯುತ್ತವೆ. ಜಾಲರಿ ಸಂದಿಗಿಂತ ಸುತ್ತಲೂ 2 ಇಂಚು ದೊಡ್ಡದಿರಲಿ. ಕತ್ತರಿಸಿದ ಅಂಚನ್ನು ಒಳಗೆ ಮಡಚಿ, ಇಲ್ಲದಿದ್ದರೆ ಹಲ್ಲಿಗೆ ಹಿಡಿತ ಸಿಗುತ್ತದೆ, ನಿಮ್ಮ ಕೈಯೂ ಕೊಯ್ಯುತ್ತದೆ. ಮೊಳೆ ಸಾಲದು, ಸ್ಕ್ರೂ ಜೊತೆ ಅಗಲದ ವಾಷರ್ ಹಾಕಿ. ನಮ್ಮಲ್ಲಿ ಮೂಲೆಯ ಹಲಗೆ ಕೊಳೆತಿತ್ತು, ಸ್ಕ್ರೂ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಆ ಹಲಗೆಯನ್ನೇ ಬದಲಿಸಬೇಕಾಯಿತು. ಗಾಳಿ ಆಡುವ ಕಿಂಡಿಗಳಿಗೂ ಜಾಲರಿಯನ್ನೇ ಹಾಕಿದೆ. ಅವನ್ನು ಹಲಗೆಯಿಂದ ಮುಚ್ಚಿದರೆ ಅಟ್ಟಕ್ಕೆ ಉಸಿರೇ ಇರುವುದಿಲ್ಲ.

ಗೂಡು ತೆಗೆಯುವಾಗ ಮಾಸ್ಕ್, ಗ್ಲೌಸ್ ಹಾಕಿಕೊಂಡಿದ್ದೆ. ಹಿಕ್ಕೆಗಳ ಮೇಲೆ ಫಿನಾಯಿಲ್ ನೀರು ಚಿಮುಕಿಸಿ ಒದ್ದೆ ಮಾಡಿ ಬಾಚಿದೆ. ಒಣಗಿದ್ದನ್ನು ಪೊರಕೆಯಿಂದ ಗುಡಿಸಿದರೆ ಆ ಧೂಳು ನೇರ ಮೂಗಿಗೆ. ಗೂಡಿನಲ್ಲಿ ಚಿಗಟವೂ ಇರಬಹುದು, ಕವರಿಗೆ ಹಾಕಿ ಬಾಯಿ ಕಟ್ಟಿಯೇ ಇಳಿಸಿ.

ಕೊನೆಗೆ ಕೊಂಬೆ. ಮಾಡಿನಿಂದ 8 ಅಡಿ ದೂರ ಇರುವ ಹಾಗೆ ಕಡಿಸಿದೆ.

ಇಷ್ಟೆಲ್ಲಾ ಆದ ಮೇಲೆ ಒಂದು ದಿನ ತೆರೆದ ಬಾಗಿಲಿನಿಂದ ಒಂದು ಎಳೇ ಅಳಿಲು ಸೀದಾ ನಡುಮನೆಗೆ ಬಂತು! ನಮ್ಮ ಮನೆಯವರು ಟವೆಲ್ ಹಿಡಿದು ಅಟ್ಟಿಸಿದರು, ಅದು ಕರ್ಟನ್ ಹತ್ತಿ ಕೂತಿತು. "ಸುಮ್ನೆ ಬನ್ನಿ ರೀ ಈ ಕಡೆ" ಅಂದೆ. ಒಳಗಿನ ಬಾಗಿಲುಗಳನ್ನೆಲ್ಲಾ ಹಾಕಿ, ಒಂದು ಕಿಟಕಿ ಪೂರ್ತಿ ತೆರೆದು, ಉಳಿದವಕ್ಕೆ ಕರ್ಟನ್ ಎಳೆದು, ದೀಪ ಆರಿಸಿ ಎಲ್ಲರೂ ಹೊರಗೆ ಹೋದೆವು. ಬೆಳಕು ಇರುವ ಕಡೆಗೇ ಅದು ಹೋಗುತ್ತದೆ. ಕಾಲು ಗಂಟೆಯಲ್ಲಿ ಜಾಗ ಖಾಲಿ. ಬರಿಗೈಯಲ್ಲಿ ಹಿಡಿಯಲು ಹೋಗಬೇಡಿ, ಕಚ್ಚಿದರೆ ಹಲ್ಲು ಆಳಕ್ಕೆ ಇಳಿಯುತ್ತದೆ. ಕಚ್ಚಿಯೇಬಿಟ್ಟರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರಿಗೆ ತೋರಿಸಿ.

ವರ್ಷಕ್ಕೆರಡು ಸಲ ಏಣಿ ಹತ್ತಿ ಸೂರು ನೋಡುತ್ತೇನೆ. ಹೋದ ತಿಂಗಳು ನೋಡಿದಾಗ ಮೂಲೆಯ ಜಾಲರಿಯ ಮೇಲೆ ಎರಡು ಗೀರು, ಜೋಡಿಯಾಗಿ, ಹೊಸದಾಗಿ ಹೊಳೆಯುತ್ತಿದ್ದವು. ಹಲ್ಲಿನ ಗುರುತು. ಪಕ್ಕದ ಸ್ಕ್ರೂ ಸ್ವಲ್ಪ ಸಡಿಲವಾಗಿತ್ತು. ಅರ್ಧ ಸುತ್ತು ಬಿಗಿ ಮಾಡಿ ಇಳಿದೆ.