ಬೋರ್ಡಿನ ಮೇಲೆ ನಮ್ಮ ಮದುವೆ

ನಾನು ಹಾಸನದವಳು, ಹುಡುಗ ಮೂಡಿಗೆರೆ ಕಡೆಯವನು, ಕ್ರಿಶ್ಚಿಯನ್. ಚರ್ಚಿಗೆ ನಮ್ಮಜ್ಜಿ ಒಪ್ಪಲಿಲ್ಲ, ದೇವಸ್ಥಾನಕ್ಕೆ ಅವರಮ್ಮ ಒಪ್ಪಲಿಲ್ಲ. ಸರಿ, ರಿಜಿಸ್ಟರ್ ಮದುವೆ ಅಂತಾಯ್ತು. ಬೆಳಿಗ್ಗೆ ಹೋಗಿ ಹಾರ ಹಾಕಿ, ಸಹಿ ಮಾಡಿ, ಮಧ್ಯಾಹ್ನ ಊಟಕ್ಕೆ ಬರೋದು ಅಂದುಕೊಂಡಿದ್ದೆವು. ಸಿನಿಮಾ ನೋಡಿ ಕೆಟ್ಟವರು ನಾವು.

ಇಬ್ಬರೂ ಹಿಂದೂಗಳಾಗಿದ್ದರೆ 1955ರ ಹಿಂದೂ ವಿವಾಹ ಕಾಯ್ದೆ. ಮೊದಲು ಮದುವೆ, ಆಮೇಲೆ ನೋಂದಣಿ. ನಮ್ಮದು 1954ರ ವಿಶೇಷ ವಿವಾಹ ಕಾಯ್ದೆಗೆ ಬರುತ್ತದೆ. ಅದರಲ್ಲಿ ಮೊದಲು ಮದುವೆಯಾಗುತ್ತೇವೆ ಅಂತ ನೋಟಿಸು, ಆಮೇಲೆ ಮದುವೆ. ನೋಟಿಸು ಕೊಡುವ ಜಿಲ್ಲೆಯಲ್ಲಿ ಇಬ್ಬರಲ್ಲಿ ಒಬ್ಬರಾದರೂ ಅದಕ್ಕೂ ಮುಂಚೆ ಕನಿಷ್ಠ 30 ದಿನ ವಾಸವಿರಬೇಕು. ನಾನು ವರ್ಕ್ ಫ್ರಮ್ ಹೋಮ್ ಅಂತ ಎರಡು ತಿಂಗಳಿಂದ ಹಾಸನದಲ್ಲೇ ಇದ್ದೆ. ಬಚಾವ್.

ನಾನು ಸಿಕ್ಕಿಬಿದ್ದಿದ್ದು ಒಂದು ಅಕ್ಷರಕ್ಕೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನ 'ಎಚ್', ಅಪ್ಪನ 'ಆರ್' ಎರಡೂ ಇವೆ. ಆಧಾರ್‌ನಲ್ಲಿ ಬರೀ 'ಆರ್'. ನೋಂದಣಿ ಕಚೇರಿಯ ಗುಮಾಸ್ತರು ಎರಡನ್ನೂ ಅಕ್ಕಪಕ್ಕ ಇಟ್ಟು, ಪೆನ್ನಿನ ತುದಿಯಿಂದ ತೋರಿಸಿ, "ಎಚ್ ಎಲ್ಲಿ ಹೋಯ್ತಮ್ಮ?" ಅಂದರು. ನನಗೇನು ಗೊತ್ತು! ನೋಟರಿ ಹತ್ತಿರ ಹೋಗಿ, ಇಬ್ಬರೂ ಒಬ್ಬಳೇ ಅಂತ ಅಫಿಡವಿಟ್ ಮಾಡಿಸಿಕೊಂಡು ಬಂದೆ. ನೀವು ಹೋಗುವವರಾದರೆ ಮೊದಲು ಮನೆಯಲ್ಲೇ ಎಲ್ಲ ದಾಖಲೆ ಹರಡಿಕೊಂಡು ಹೆಸರು ಓದಿ ನೋಡಿ.

ನೋಟಿಸನ್ನು ಕಚೇರಿಯ ಬೋರ್ಡಿಗೆ ಅಂಟಿಸುತ್ತಾರೆ, ಯಾರು ಬೇಕಾದರೂ ಓದಬಹುದು. ಹುಡುಗನ ಕಾಯಂ ಮನೆ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿಗೂ ಒಂದು ಪ್ರತಿ ಹೋಗುತ್ತದೆ. ಇದು ನಮಗೆ ಗೊತ್ತಿರಲಿಲ್ಲ. ಜಮೀನಿನ ಕಾಗದದ ಕೆಲಸಕ್ಕೆ ಅಲ್ಲಿನ ಕಚೇರಿಗೆ ಹೋಗಿದ್ದ ಅವರ ಕಡೆಯ ಒಬ್ಬ ಮಾವ ಫೋನ್ ಮಾಡಿ, "ಅಕ್ಕಾ, ನಿನ್ ಮಗನ ಹೆಸರು ಬೋರ್ಡಲ್ಲಿ ಐತಲ್ಲ!" ಅಂದರಂತೆ. ತಕರಾರು ಹಾಕಬಹುದು ಅಂತ ಸಲಹೆ ಬೇರೆ. 30 ದಿನದೊಳಗೆ ಯಾರಾದರೂ ಹಾಕಬಹುದು, ನಿಜ. ಆದರೆ ಕಾರಣ ಕಾನೂನಿನಲ್ಲಿ ಇರುವುದೇ ಆಗಬೇಕು. ಹುಡುಗನಿಗೆ 21, ಹುಡುಗಿಗೆ 18 ತುಂಬಿಲ್ಲ, ಮೊದಲ ಗಂಡನೋ ಹೆಂಡತಿಯೋ ಇದ್ದಾರೆ, ಮದುವೆಯಾಗಬಾರದ ಹತ್ತಿರದ ಸಂಬಂಧ, ಒಪ್ಪಿಗೆ ಕೊಡಲಾಗದ ಮಾನಸಿಕ ಸ್ಥಿತಿ, ಇಂಥವು. ಮಾವನ ಮುನಿಸು ಆ ಪಟ್ಟಿಯಲ್ಲಿ ಇಲ್ಲ.

ತಕರಾರಿಗೆ ಕಾಯಬೇಕಾದ ಆ 30 ದಿನ ಕಳೆಯುವಷ್ಟರಲ್ಲಿ ಆಷಾಢ ಬಂತು. ಅಜ್ಜಿ ಶ್ರಾವಣ ಬರಲಿ ಅಂತ ಹಟ ಹಿಡಿದರು. ನೋಟಿಸು ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಹೊಸ ನೋಟಿಸು ಕೊಡಬೇಕು. ಕ್ಯಾಲೆಂಡರ್ ಹಿಡಿದು ದಿನ ಎಣಿಸಿದೆ. ಆಷಾಢ ಕಳೆದ ಮೇಲೂ ಕೆಲವು ದಿನ ಉಳಿಯುತ್ತಿತ್ತು. ಅಷ್ಟರಲ್ಲೇ ಅಜ್ಜಿಗೆ ಒಳ್ಳೆ ದಿನವೂ ಸಿಕ್ಕಿತು.

ಆ ದಿನ ಮೂರು ಜನ ಸಾಕ್ಷಿ ಬೇಕು. ಒಬ್ಬರು ಕೈಕೊಟ್ಟರೆ ಅಂತ ನಾವು ಐದು ಜನರನ್ನು ಕರೆದಿದ್ದೆವು. ಒಬ್ಬ ಗುರುತಿನ ಚೀಟಿಯನ್ನೇ ಮರೆತು ಬಂದಿದ್ದ. ಎಲ್ಲರೂ ಘೋಷಣೆಗೆ ಸಹಿ ಹಾಕಿದ ಮೇಲೆ, ಅಧಿಕಾರಿಯ ಎದುರು ನಾವಿಬ್ಬರೂ ಒಬ್ಬರನ್ನೊಬ್ಬರು ಸ್ವೀಕರಿಸಿದ್ದೇವೆ ಅಂತ ಬಾಯಿಬಿಟ್ಟು ಹೇಳಬೇಕು. ಒಂದೇ ವಾಕ್ಯ, ಆದರೂ ನನಗೆ ಗಂಟಲು ಕಟ್ಟಿತು. ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಅಕ್ಷತೆಯನ್ನು ತಡೆಯಲಾರದೆ ಅಲ್ಲೇ ಎರಚಿಬಿಟ್ಟರು. ಗುಮಾಸ್ತರು ರಿಜಿಸ್ಟರ್ ಮೇಲೆ ಬಿದ್ದ ಅಕ್ಕಿ ಊದಿ, ಪುಸ್ತಕ ನನ್ನ ಕಡೆ ತಿರುಗಿಸಿ, "ಸಹಿ ಹಾಕಮ್ಮ, ಎಚ್ ಮರೀಬೇಡ" ಅಂದರು.