ಕಾರ್ಖಾನೆಯ ಚೆಲ್ಲೊ, ಕರುಳಿನ ತಂತಿ, ಡಾಲ್ ಅಬಾಕೊ: ನನ್ನ ಅನುಭವ

ಹದಿನೆಂಟನೆಯ ಶತಮಾನದ ಜ್ಯೂಸೆಪ್ಪೆ ಕ್ಲೆಮೆಂಟೆ ಡಾಲ್ ಅಬಾಕೊನ ಕಪ್ರಿಚೋಗಳನ್ನು (ಸ್ವಚ್ಛಂದ ಧಾಟಿಯ ಪುಟ್ಟ ಕೃತಿಗಳು) ಸಾಧಾರಣ ಕಾರ್ಖಾನೆ ಚೆಲ್ಲೊದಲ್ಲಿ (ಪಿಟೀಲಿನ ಜಾತಿಯ ದೊಡ್ಡ ವಾದ್ಯ), ಉಕ್ಕಿನ ಬದಲು ಪ್ರಾಣಿಯ ಕರುಳಿನ ತಂತಿ ಹಾಕಿ, ವಾದ್ಯವನ್ನು ನೆಲಕ್ಕೆ ಊರುವ ಎಂಡ್‌ಪಿನ್ ಇಲ್ಲದೆ ನುಡಿಸುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ವಾದ್ಯ ರಿಪೇರಿ ಮಾಡುವ ಒಬ್ಬರಂತೂ "ಆ ಡಬ್ಬಕ್ಕೆ ಕರುಳು ಹಾಕುವುದೆಂದರೆ ದುಡ್ಡು ಸುಟ್ಟಂತೆ" ಎಂದರು. ಕಳೆದ ಚಳಿಗಾಲ ಲಂಡನ್ನಿನ ನಮ್ಮ ಬಡಾವಣೆಯ ಚರ್ಚಿನಲ್ಲಿ ನಾಲ್ಕೈದು ಕಪ್ರಿಚೋ ನುಡಿಸಿದೆ. ಮುಗಿದ ಮೇಲೆ ಅದೇ ಮಹಾಶಯರು ಬಳಿಗೆ ಬಂದು, ಬಗ್ಗಿ ತಂತಿಗಳನ್ನು ಎತ್ತಿಹಿಡಿಯುವ ಕುದುರೆಯನ್ನು ನೋಡಿ, ಯಾರು ಕೆತ್ತಿದ್ದು ಎಂದು ಕೇಳಿದರು. ನಾನೇ ಎಂದೆ. ಮತ್ತೆ ಮಾತಾಡಲಿಲ್ಲ.

ಅಬಾಕೊನನ್ನು ನಮ್ಮ ಚೆಲ್ಲೊದವರಲ್ಲೂ ಹಲವರು ಅವನ ತಂದೆ ಎವಾರಿಸ್ಟೊ ಫೆಲಿಚೆಯ ಜೊತೆ ಕಲಸಿಬಿಡುತ್ತಾರೆ. ತಂದೆ ವೆರೋನಾದವನು, ಬವೇರಿಯಾದ ದೊರೆಯ ಆಸ್ಥಾನದ ಚೆಲ್ಲೊ ವಾದಕ. ದೊರೆ ದೇಶಭ್ರಷ್ಟನಾದಾಗ ಅವನ ಹಿಂದೆ ಅಲೆದ, ಹಾಗಾಗಿ ಮಗ 1710ರಲ್ಲಿ ಹುಟ್ಟಿದ್ದು ಬ್ರಸೆಲ್ಸಿನಲ್ಲಿ. ಈ ಮಗ ಬಾನ್ ನಗರದ ಆಸ್ಥಾನದಲ್ಲಿ ವರ್ಷಗಟ್ಟಲೆ ನುಡಿಸಿದ. ಬೇಥೋವನ್‌ನ ತಾತ 1733ರಲ್ಲಿ ಅದೇ ಆಸ್ಥಾನಕ್ಕೆ ಗಾಯಕನಾಗಿ ಬಂದ, ಇಬ್ಬರೂ ಒಂದೇ ದೊರೆಯ ಸಂಬಳ ತಿಂದವರು. ಅಬಾಕೊ ಕೊನೆಗೆ ವೆರೋನಾ ಸೀಮೆಗೆ ಮರಳಿ, 1805ರಲ್ಲಿ ತೊಂಬತ್ತೈದು ದಾಟಿ ತೀರಿಕೊಂಡ. ಅವನು ಹುಟ್ಟಿದಾಗ ಬಾಖ್‌ಗೆ ಇಪ್ಪತ್ತೈದು ವರ್ಷ, ಸತ್ತ ವರ್ಷ ವಿಯೆನ್ನಾದಲ್ಲಿ ಬೇಥೋವನ್‌ನ ಎರೋಯಿಕಾ ಸಿಂಫನಿ ಸಾರ್ವಜನಿಕವಾಗಿ ಮೊದಲು ಮೊಳಗಿತ್ತು. ಮೂವತ್ತಕ್ಕೂ ಹೆಚ್ಚು ಸೊನಾಟಾ ಬರೆದ, ಆದರೂ ಇಂದು ಜನ ನುಡಿಸುವುದು ಒಂಟಿ ಚೆಲ್ಲೊದ ಆ ಹನ್ನೊಂದು ಕಪ್ರಿಚೋಗಳನ್ನು. ಅವುಗಳಲ್ಲೂ ಹನ್ನೊಂದನೆಯದು ಅರ್ಧಕ್ಕೇ ನಿಂತಿದೆ.

ಕರುಳೇ ಏಕೆ? ಸಿ ಮೈನರ್‌ನ ಮೊದಲ ಕಪ್ರಿಚೋವನ್ನು ಉಕ್ಕಿನ ತಂತಿಯಲ್ಲಿ ನುಡಿಸಿದವರಿಗೆ ಗೊತ್ತು. ಒಂದೊಂದೇ ಸ್ವರವಾಗಿ ಬಿಡಿಸಿದ ಸ್ವರಮೇಳಗಳಲ್ಲಿ ಅತಿ ಎತ್ತರದ ಶ್ರುತಿಯ ಎ ತಂತಿ ಕಿರುಚಿ ಮುಂದೆ ನಿಲ್ಲುತ್ತದೆ, ಕೆಳಗಿನ ಸಿ ಮರೆಯಾಗುತ್ತದೆ. ಶ್ರುತಿಯನ್ನು 415 ಹರ್ಟ್ಸಿಗೆ, ಅಂದರೆ ಇಂದಿನದಕ್ಕಿಂತ ತಗ್ಗಿಗೆ, ಇಳಿಸಿ ಕರುಳು ಹಾಕಿದರೆ ಆ ಜಗಳವೇ ಇಲ್ಲ. ಇಷ್ಟನ್ನು ಕಂಡುಕೊಳ್ಳಲು ನನಗೆ ಸುಮಾರು ಐನೂರು ಪೌಂಡ್ ಖರ್ಚಾಯಿತು. ಹಳೆಯ ಚೆಲ್ಲೊ ಕೊಂಡದ್ದು ಆರುನೂರು ಚಿಲ್ಲರೆಗೆ, ಅದು ಬೇರೆ ಲೆಕ್ಕ.

ಹೆಚ್ಚು ದುಡ್ಡು ತಿಂದದ್ದು ಎ ತಂತಿ. ಒಂದಕ್ಕೆ ಇಪ್ಪತ್ತೈದು ಪೌಂಡಿನ ಆಸುಪಾಸು, ಶುರುವಿನಲ್ಲಿ ಒಂದೊಂದು ಎರಡು ವಾರವೂ ಬಾಳಲಿಲ್ಲ. ಪ್ರತಿಸಲವೂ ಕಡಿದದ್ದು ನಟ್‌ನ (ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಅಂಚಿನಲ್ಲೇ. ಉಕ್ಕಿನ ತಂತಿಗೆಂದು ಕೊರೆದ ಸೀಳು ಕರುಳಿಗೆ ಗರಗಸವಿದ್ದಂತೆ. ಸೀಳನ್ನು ಅಗಲಿಸಿ, ಅಂಚು ದುಂಡಗೆ ಉಜ್ಜಿ, ಪೆನ್ಸಿಲ್ ಸೀಸ ತುಂಬಿದ ಮೇಲೆ ಅಲ್ಲಿ ಕಡಿಯುವುದು ನಿಂತಿತು. ಆಮೇಲೆ ಇನ್ನೊಂದು ತುದಿಯಲ್ಲಿ ಕಡಿಯತೊಡಗಿತು! ಶ್ರುತಿ ತಿದ್ದುವ ಪುಟ್ಟ ತಿರುಪು, ಅಂದರೆ ಫೈನ್ ಟ್ಯೂನರ್, ಜೋಡಿಸಿದ, ತಂತಿಗಳ ಕೆಳತುದಿ ಕಟ್ಟುವ ಟೇಲ್‌ಪೀಸನ್ನೇ ಕಿತ್ತೆಸೆದು ಮರದ್ದೊಂದನ್ನು ಮೂವತ್ತು ಪೌಂಡಿಗೆ ತಂದೆ. ಇನ್ನು ದಪ್ಪ. ಅಂಗಡಿಯವರ ಮಾತು ಕೇಳಿ ತಂದ 1.25 ಮಿಲಿಮೀಟರಿನ ಎ ತಂತಿ ನನ್ನ ವಾದ್ಯದಲ್ಲಿ ಕಂಬಳಿ ಹೊದ್ದು ಮಾತಾಡಿತು. 1.12ರ ಹತ್ತಿರ ಬಂದಾಗ ಬಾಯಿ ಬಿಟ್ಟಿತು. ಡಿ ತಂತಿ 1.45ರ ಸುಮಾರು. ಜಿ ಮತ್ತು ಸಿ ಲೋಹ ಸುತ್ತಿದ ಕರುಳು, ಸಿ ಒಂದಕ್ಕೇ ಅರುವತ್ತು ಪೌಂಡ್ ಬಿತ್ತು. ಎಳೆತ ಕಡಿಮೆಯಾದ್ದರಿಂದ ವಾದ್ಯದೊಳಗೆ ನಿಲ್ಲಿಸಿದ ಮರದ ಕಡ್ಡಿ ಸೌಂಡ್ ಪೋಸ್ಟನ್ನು ಸರಿಸಲೇಬೇಕು. ಯಾವ ಕಡೆಗೆ, ಎಷ್ಟು ಎಂಬುದು ನನ್ನಲ್ಲೇ ಇರಲಿ. ಅದಕ್ಕೆ ಒಂದು ಇಡೀ ಬೇಸಿಗೆ ಕೊಟ್ಟಿದ್ದೇನೆ.

ನಡುವೆ ದುಡ್ಡು ಉಳಿಸಲು ಟೆನಿಸ್ ರ‍್ಯಾಕೆಟ್ಟಿನ ಕರುಳನ್ನೂ ಕಟ್ಟಿ ನೋಡಿದೆ. ಅದೂ ದನದ ಕರುಳೇ, 1.30 ದಪ್ಪ, ಬೆಲೆಯೂ ಪರವಾಗಿಲ್ಲ. ಮೇಲಿನ ಲೇಪದಿಂದ ಕಮಾನು ಜಾರುತ್ತದೆ. ಲೇಪ ಉಜ್ಜಿ ತೆಗೆದರೆ ಎರಡೇ ದಿನಕ್ಕೆ ಎಳೆ ಬಿಚ್ಚುತ್ತದೆ. ಊರಿನಿಂದ ಅಮ್ಮ ಫೋನಿನಲ್ಲಿ "ಅದೇನೋ ಕರುಳಂತೆ, ಮುಟ್ಟಿದ ಕೈಯಲ್ಲಿ ದೇವರ ದೀಪ ಹಚ್ಚಬೇಡವೋ" ಎಂದದ್ದೂ ಆ ದಿನಗಳಲ್ಲೇ. ಮೃದಂಗದ ಚರ್ಮಕ್ಕೆ ಇಲ್ಲದ ಮೈಲಿಗೆ ಇದಕ್ಕೇಕಮ್ಮ ಎಂದು ಕೇಳಿದೆ. ಮಾತು ಅಡುಗೆಯ ಕಡೆಗೆ ಹೊರಳಿತು.

ಅಬಾಕೊನ ಒಂದು ಜಿ ಮೇಜರ್ ಸೊನಾಟಾದಲ್ಲಿ ಸದಾ ಶ್ರುತಿ ಹಿಡಿದು ಮೊರೆಯುವ, ಇಟಲಿಯ ಕುರುಬರ ಬ್ಯಾಗ್‌ಪೈಪಿನ ಅನುಕರಣೆ ಇದೆ. ಅದನ್ನು ಓದಿದ ದಿನ ತಂಬೂರಿಯ ಜೀವಾಳ ನೆನಪಾಗಿ, ಜಿ ತಂತಿ ಮತ್ತು ಕುದುರೆಯ ನಡುವೆ ಹತ್ತಿಯ ದಾರ ತೂರಿಸಿದೆ. ತಂಬೂರಿಯ ಕುದುರೆ ಅಗಲ, ಚೆಲ್ಲೊದ್ದು ಕತ್ತಿಯಂಚು. ಝೇಂಕಾರ ಬರಲಿಲ್ಲ, ಕೀಟ ಸಿಕ್ಕಿಕೊಂಡ ಸದ್ದು ಬಂತು. ದಾರವನ್ನು ಇನ್ನೂ ಎಸೆದಿಲ್ಲ.

ಎಂಡ್‌ಪಿನ್ ಬಿಟ್ಟದ್ದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಮೀನಖಂಡಗಳ ನಡುವೆ ವಾದ್ಯ ಜಾರುವುದಕ್ಕೆ ಕಾರು ಒರೆಸುವ ಶಾಮಿ ಚರ್ಮದ ತುಂಡೊಂದು ಸಾಕು. ತಂತಿಯಿಂದ ಬಿಚ್ಚಿಕೊಂಡ ಎಳೆಗಳನ್ನು ನೇಲ್ ಕಟರಿನಲ್ಲಿ ಕತ್ತರಿಸಿ, ಎಂದೂ ಎಳೆಯಬೇಡಿ. ಬಾದಾಮಿ ಎಣ್ಣೆ ಹಚ್ಚುವಿರಾದರೆ ಕಮಾನು ಓಡುವ ಜಾಗ ಬಿಟ್ಟು ಹಚ್ಚಿ. ಚರ್ಚಿನ ಹೀಟರ್ ಹಾಕಿದ ಸಂಜೆ ಶ್ರುತಿ ಅಲೆಯುತ್ತದೆ, ಒಂದು ಗಂಟೆ ಮೊದಲೇ ಹೋಗಿ ವಾದ್ಯವನ್ನು ಪೆಟ್ಟಿಗೆಯಿಂದ ಹೊರಗಿಡಿ.

ಹನ್ನೊಂದನೆಯದಕ್ಕೆ ನಾನೇ ಒಂದು ಮುಕ್ತಾಯ ಬರೆದು ನುಡಿಸಿದೆ. ಅಬಾಕೊ ಎಲ್ಲಿ ನಿಂತ, ನಾನು ಎಲ್ಲಿ ಹಿಡಿದೆ ಎಂಬುದು ಸಭೆಯಲ್ಲಿದ್ದ ಚೆಲ್ಲೊದವರಿಗೂ ತಿಳಿಯಲಿಲ್ಲ. ಆ ಹಾಳೆಯ ಪ್ರತಿ ಕೇಳಿದವರಿಗೆ ಸದ್ಯಕ್ಕೆ ಕೊಟ್ಟಿಲ್ಲ. ಈಗಿನ ಎ ತಂತಿ ಮೂರನೆಯ ತಿಂಗಳಿಗೆ ಕಾಲಿಟ್ಟಿದೆ. ಸಿ ತಂತಿ ಮಾತ್ರ ಇನ್ನೂ ಮಂದ, ಮುಂದಿನ ಬಾರಿ ಬೆಳ್ಳಿಯ ಬದಲು ತಾಮ್ರ ಸುತ್ತಿದ್ದನ್ನು ತರಿಸುತ್ತೇನೆ.